ಒಂದು ವರ್ಷದ ಡಾಕ್ಟರು

ಬೆಂಗಳೂರಿನಿಂದ ಪುಣೆಯ ಕಡೆಗೆ ಸಾಗುವ ಹೆದ್ದಾರಿಯು ತುಮಕೂರನ್ನು ಹಿಂದಿಕ್ಕಿ ಶಿರಾ ಮುಟ್ಟುವಷ್ಟರಲ್ಲಿ ತೆಂಗು ಅಡಿಕೆಗಳ ಹಸುರು ತೆಳುವಾಗಿ, ಕೆಂಪು ನೆಲವೂ ಕಲ್ಲುಗುಡ್ಡಗಳೂ ಕಣ್ಣಿಗೆ ಬೀಳತೊಡಗುತ್ತವೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಈ ಸೀಮೆ ಬಹುಮಟ್ಟಿಗೆ ಮಳೆಯನ್ನು ನಂಬಿ ಬಿತ್ತುವ, ಮಳೆ ಕೈಕೊಟ್ಟರೆ ಬೆಂಗಳೂರಿನ ಬಸ್ಸು ಹತ್ತುವ ಸೀಮೆ. ಇಲ್ಲಿಯ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡಿನ ಅಂಶ ಹೆಚ್ಚು. ಆ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲು ಕಂದುವುದೂ, ವಯಸ್ಸಾದವರ ಕೀಲು ಮೂಳೆಗಳು ಬಿಗಿಯುವುದೂ ಬಹುಕಾಲದ ಕಥೆ. ಶಿರಾ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಹುಲಿಕುಂಟೆಯೂ ಒಂದು.

ಇಂತಹ ಹೋಬಳಿಗೆ ಡಾಕ್ಟರು ಬರುವುದೇ ಇಲ್ಲವೆಂಬ ದೂರು ಹಳೆಯದು. ಈಗ ಆ ದೂರಿನ ರೂಪ ಬದಲಾಗಿದೆ. ಡಾಕ್ಟರು ಬರುತ್ತಾರೆ, ಆದರೆ ಉಳಿಯುವುದಿಲ್ಲ. ಕಾಲೇಜಿನಿಂದ ಆಗತಾನೆ ಹೊರಬಿದ್ದ ತರುಣನೋ ತರುಣಿಯೋ ಒಂದು ವರ್ಷದ ಮಟ್ಟಿಗೆ ಬಂದು, ಊರಿನ ಹಾದಿಬೀದಿಗಳ ಪರಿಚಯವಾಗುವ ಹೊತ್ತಿಗೆ ಪೆಟ್ಟಿಗೆ ಕಟ್ಟುತ್ತಾರೆ. ಮರುವರ್ಷ ಮತ್ತೊಬ್ಬರು. ಹೆಸರು ನೆನಪಿಡುವುದು ವ್ಯರ್ಥವೆಂದು ತಿಳಿದ ಜನ ‘ಹೋದ ವರ್ಷದ ಡಾಕ್ಟರು’, ‘ಈ ವರ್ಷದ ಡಾಕ್ಟರು’ ಎಂದು ಗುರುತಿಸಿಕೊಳ್ಳಬೇಕಾಗಿ ಬರುತ್ತದೆ.

ವರ್ಷವೊಂದಕ್ಕೆ ಹನ್ನೊಂದು ಸಾವಿರಕ್ಕಿಂತಲೂ ಹೆಚ್ಚು ಎಂ.ಬಿ.ಬಿ.ಎಸ್. ಸ್ಥಾನಗಳನ್ನು ಹೊಂದಿ, ಈ ವಿಷಯದಲ್ಲಿ ಇಡೀ ದೇಶದ ಮೊದಲ ಸಾಲಿನಲ್ಲಿ ನಿಂತಿರುವ ರಾಜ್ಯ ಕರ್ನಾಟಕ. ಅಂತಹ ರಾಜ್ಯದ ಒಂದು ಹೋಬಳಿಗೆ ವರ್ಷಕ್ಕೊಬ್ಬ ಅತಿಥಿ ವೈದ್ಯನೇ ಗತಿಯಾದುದು ಹೇಗೆ? ಇದರ ತಪ್ಪನ್ನು ತರುಣ ವೈದ್ಯರ ತಲೆಗೆ ಕಟ್ಟುವುದು ಸುಲಭ. “ಸರ್ಕಾರದ ದುಡ್ಡಿನಲ್ಲಿ ಓದಿದವರು ಹಳ್ಳಿಗೆ ಹೋಗಲು ಮೂಗು ಮುರಿಯುತ್ತಾರೆ” ಎಂಬ ಮಾತು ಪಟ್ಟಣದ ಪಡಸಾಲೆಗಳಲ್ಲಿ ನಿತ್ಯವೂ ಕೇಳಿಬರುತ್ತದೆ. ಆದರೆ ಅದೇ ಪಡಸಾಲೆಯಲ್ಲಿ ನೀಟ್ ಪುಸ್ತಕಗಳ ರಾಶಿಯ ನಡುವೆ ಕುಳಿತ ಮಗನನ್ನೋ ಮಗಳನ್ನೋ ಒಮ್ಮೆ ತಿರುಗಿ ನೋಡಿದರೆ, ಪ್ರಶ್ನೆ ಅಷ್ಟು ಸರಳವಲ್ಲವೆಂದು ತಿಳಿದೀತು.

ಮಗುವನ್ನು ಡಾಕ್ಟರು ಮಾಡಬೇಕೆಂಬ ಆಸೆ ಮಧ್ಯಮ ವರ್ಗದ ಮನೆಗಳಲ್ಲಿ ಇಂದು ನಿನ್ನೆಯದಲ್ಲ. ವೈದ್ಯನನ್ನು ನಾರಾಯಣನಿಗೆ ಸಮನೆಂದು ಭಾವಿಸಿದ ನಾಡು ಇದು. ಗೌರವವೂ ಸಂಪಾದನೆಯೂ ಪುಣ್ಯವೂ ಒಂದೇ ವೃತ್ತಿಯಲ್ಲಿ ಕೂಡಿಬರುವುದಾದರೆ ಯಾವ ತಾಯಿತಂದೆ ತಾನೇ ಬೇಡವೆಂದಾರು? ಆದುದರಿಂದಲೇ 2024ರಲ್ಲಿ ಪದವಿ ಪ್ರವೇಶದ ನೀಟ್ ಪರೀಕ್ಷೆಗೆ ಇಡೀ ದೇಶದಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ಕುಳಿತರು. ಇದ್ದ ಸ್ಥಾನಗಳಾದರೋ ಸುಮಾರು ಒಂದು ಲಕ್ಷದ ಆಚೀಚೆ.

ಸ್ಥಾನ ದೊರೆತ ಮನೆಯಲ್ಲಿ ಸಿಹಿ ಹಂಚುವ ಸಂಭ್ರಮದೊಡನೆಯೇ ಲೆಕ್ಕದ ಪುಸ್ತಕವೂ ತೆರೆದುಕೊಳ್ಳುತ್ತದೆ. ಕರ್ನಾಟಕದ ಸರ್ಕಾರಿ ಕಾಲೇಜಿನಲ್ಲಿ ವರ್ಷದ ಶುಲ್ಕ ಅರವತ್ತು ಸಾವಿರದ ಆಸುಪಾಸಿನಲ್ಲಿದ್ದರೆ, ಖಾಸಗಿ ಕಾಲೇಜಿನ ಖಾಸಗಿ ಕೋಟಾದಲ್ಲಿ ಅದು ಹತ್ತು ಲಕ್ಷವನ್ನು ದಾಟುತ್ತದೆ. ನಾಲ್ಕೂವರೆ ವರ್ಷದ ಓದು ಮುಗಿಯುವ ವೇಳೆಗೆ ಒಂದು ಸಾಧಾರಣ ಮನೆಯ ಬೆಲೆ ಕರಗಿರುತ್ತದೆ. ಎಷ್ಟೋ ಸಂಸಾರಗಳಲ್ಲಿ ನಿವೃತ್ತಿಯ ಹಣ, ಹೆಂಡತಿಯ ಒಡವೆ, ಊರಿನ ಜಮೀನು ಈ ಹಾದಿಯಲ್ಲಿಯೇ ಸಾಗಿಹೋಗುತ್ತವೆ. ಉಳಿದುದಕ್ಕೆ ಬ್ಯಾಂಕಿನ ಸಾಲ.

ಈ ಶುಲ್ಕದ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದ ಒಂದು ಪ್ರಸಿದ್ಧ ಮೊಕದ್ದಮೆ ಹುಟ್ಟಿದುದು ಇದೇ ತುಮಕೂರಿನಲ್ಲಿ ಎಂಬುದು ಗಮನಾರ್ಹ. 1989ರ ಜೂನ್ ತಿಂಗಳಿನಲ್ಲಿ ಕರ್ನಾಟಕ ಸರ್ಕಾರವು ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಮೂರು ಬಗೆಯ ಶುಲ್ಕವನ್ನು ಗೊತ್ತುಪಡಿಸಿತ್ತು: ಸರ್ಕಾರಿ ಸ್ಥಾನಕ್ಕೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಉಳಿದ ವಿದ್ಯಾರ್ಥಿಗಳಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ. ತುಮಕೂರಿನ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜಿನ ಪ್ರವೇಶವನ್ನು ಬಯಸಿದ್ದ ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬಳು ಈ ಏರ್ಪಾಟನ್ನು ಪ್ರಶ್ನಿಸಿದಳು. ಮೋಹಿನಿ ಜೈನ್ ಮೊಕದ್ದಮೆಯೆಂದು ಹೆಸರಾದ ಅದರಲ್ಲಿ 1992ರ ಜುಲೈ 30ರಂದು ನ್ಯಾಯಾಲಯವು ಕ್ಯಾಪಿಟೇಶನ್ ಶುಲ್ಕ ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ಮರುವರ್ಷವೇ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಆ ತೀರ್ಪು ಮಾರ್ಪಟ್ಟು, ‘ಉಚಿತ’ ಸ್ಥಾನ, ‘ಪಾವತಿ’ ಸ್ಥಾನ ಎಂಬ ವಿಂಗಡಣೆ ಬಂತು. ಕಾನೂನಿನ ಭಾಷೆ ಅಂದಿನಿಂದ ಇಂದಿನವರೆಗೆ ಹಲವು ಸಲ ಬದಲಾಗಿದೆ. ಮಗುವನ್ನು ಓದಿಸುವ ತಂದೆಯ ಎದೆಬಡಿತ ಮಾತ್ರ ಇಳಿದಿಲ್ಲ.

ಹಣದ ಲೆಕ್ಕಕ್ಕಿಂತ ಕಠಿಣವಾದುದು ವಯಸ್ಸಿನ ಲೆಕ್ಕ. ಹದಿನೆಂಟಕ್ಕೆ ಪಿ.ಯು.ಸಿ. ಮುಗಿಸಿದ ಹುಡುಗಿ ಒಂದು ವರ್ಷವನ್ನು ಕೋಚಿಂಗಿಗೆ ತೆತ್ತು ಹತ್ತೊಂಬತ್ತಕ್ಕೆ ಕಾಲೇಜು ಸೇರಿದಳೆನ್ನಿ. ಓದು ನಾಲ್ಕೂವರೆ ವರ್ಷ, ಹೌಸ್‌ಸರ್ಜನ್ಸಿ ಒಂದು ವರ್ಷ. ಆಗಲೇ ಇಪ್ಪತ್ತೈದು. ಅವಳೊಡನೆ ಶಾಲೆಯಲ್ಲಿ ಕಲಿತು ಇಂಜಿನಿಯರಾದ ಗೆಳತಿ ಅಷ್ಟರಲ್ಲಿ ಮೂರು ವರ್ಷದ ಸಂಬಳ ಎಣಿಸಿರುತ್ತಾಳೆ. ಬಳಿಕ ಹಳ್ಳಿಯ ಸೇವೆಯ ಒಂದು ವರ್ಷ, ಸ್ನಾತಕೋತ್ತರ ಪರೀಕ್ಷೆಗೆ ಒಂದೆರಡು ವರ್ಷದ ತಯಾರಿ, ಎಂ.ಡಿ. ಅಥವಾ ಎಂ.ಎಸ್. ಪದವಿಗೆ ಮೂರು ವರ್ಷ. ಮೂವತ್ತು ದಾಟಿದ ಮೇಲೆ ‘ತಜ್ಞೆ’ ಎಂಬ ಹೆಸರು ಬಂದರೆ ಅದೇ ಬೇಗ. ನಡುವೆ ಮದುವೆಯ ಮಾತು, ಮನೆಯಲ್ಲಿ ಮುಪ್ಪಾಗುತ್ತಿರುವ ತಾಯಿತಂದೆ, ತಿಂಗಳು ತಿಂಗಳಿಗೂ ಬರುವ ಸಾಲದ ಕಂತು.

“ಬರಿಯ ಎಂ.ಬಿ.ಬಿ.ಎಸ್. ಸಾಲದೆ?” ಎಂದು ಹಿರಿಯರು ಕೇಳುವುದುಂಟು. ಅವರ ಕಾಲದಲ್ಲಿ ಸಾಲುತ್ತಿತ್ತು. ಇಂದು ಕೆಮ್ಮು ನೆಗಡಿಗೂ ತಜ್ಞರನ್ನೇ ಹುಡುಕಿ ಹೋಗುವವರು ಅದೇ ಹಿರಿಯರ ಮನೆಯವರು. ಬರಿಯ ಪದವಿಯ ತರುಣನಿಗೆ ನಗರದಲ್ಲಿ ದೊರೆಯುವುದು ಹೆಚ್ಚಾಗಿ ನರ್ಸಿಂಗ್ ಹೋಮಿನ ‘ಡ್ಯೂಟಿ ಡಾಕ್ಟರ’ ಕೆಲಸ. ಅಂದರೆ ತಜ್ಞರು ಮನೆಗೆ ತೆರಳಿದ ಮೇಲೆ ರಾತ್ರಿಯೆಲ್ಲ ವಾರ್ಡು ಕಾಯುವುದು. ಆದುದರಿಂದ ದೇಶದಾದ್ಯಂತ ಎರಡು ಲಕ್ಷಕ್ಕೂ ಹೆಚ್ಚು ವೈದ್ಯರು ವರ್ಷಂಪ್ರತಿ ಸ್ನಾತಕೋತ್ತರ ನೀಟ್ ಬರೆಯುತ್ತಾರೆ. ಸ್ಥಾನಗಳು ಅದರ ಅರ್ಧಕ್ಕಿಂತಲೂ ಬಹಳ ಕಡಿಮೆ.

ಆ ಪರೀಕ್ಷೆಯಾದರೂ ಹೇಳಿದ ದಿನಕ್ಕೆ ನಡೆದೀತೆಂಬ ಭರವಸೆಯಿದೆಯೆ? 2021ರ ಏಪ್ರಿಲ್ 18ರಂದು ನಡೆಯಬೇಕಾಗಿದ್ದ ಪರೀಕ್ಷೆ ಮಹಾಮಾರಿಯ ದೆಸೆಯಿಂದ ಸೆಪ್ಟೆಂಬರ್ 11ಕ್ಕೆ ಹೋಯಿತು. ಅನಂತರ ಮೀಸಲಾತಿಯ ವ್ಯಾಜ್ಯದಿಂದ ಪ್ರವೇಶ ಪ್ರಕ್ರಿಯೆ 2022ರ ಜನವರಿಯವರೆಗೂ ತಡೆಯಿತು. ಒಂದು ತಂಡದ ನಿವಾಸಿ ವೈದ್ಯರು ಬರಲೇ ಇಲ್ಲವಾದ್ದರಿಂದ ಆಸ್ಪತ್ರೆಗಳಲ್ಲಿ ಇದ್ದವರೇ ಇಬ್ಬರ ಕೆಲಸವನ್ನು ಹೊತ್ತರು. 2024ರಲ್ಲಿ ಜೂನ್ 23ರ ಬೆಳಗಿನ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದಕ್ಕೆ ಹಾಕಲಾಯಿತು. ದೂರದ ಊರುಗಳಿಗೆ ಹೋಗಿ ಇಳಿದಿದ್ದ ಅಭ್ಯರ್ಥಿಗಳು ಬಂದ ದಾರಿಗೆ ಸುಂಕವಿಲ್ಲವೆಂದು ಮರಳಿದರು. ಪರೀಕ್ಷೆ ನಡೆದುದು ಆಗಸ್ಟ್ 11ರಂದು.

ಇನ್ನು ದುಡಿಮೆಯ ಮಾತು. ನಿವಾಸಿ ವೈದ್ಯರ ಸತತ ಕರ್ತವ್ಯವು ಸಾಮಾನ್ಯವಾಗಿ ದಿನಕ್ಕೆ 12 ಗಂಟೆಗಳನ್ನು ಮೀರಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲಿಯೇ ಸೂಚಿಸಿತ್ತು. ಮೂವತ್ತೆರಡು ವರ್ಷಗಳ ಬಳಿಕ, 2024ರಲ್ಲಿ, ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ವಿಚಾರಿಸಲು ನೇಮಕವಾದ ರಾಷ್ಟ್ರೀಯ ಕಾರ್ಯಪಡೆ, ವಾರಕ್ಕೆ 74 ಗಂಟೆಗಳಿಗಿಂತ ಹೆಚ್ಚು ದುಡಿಸಕೂಡದೆಂದು ಮತ್ತೆ ಸಲಹೆ ಮಾಡಬೇಕಾಯಿತು. 74 ಗಂಟೆಯೇ ದಯೆಯೆನಿಸುವ ಸ್ಥಿತಿಯಿದ್ದರೆ ಉಳಿದುದನ್ನು ಓದುಗರು ಊಹಿಸಬಹುದು. ಕರ್ನಾಟಕದಲ್ಲಿ ಹೌಸ್‌ಸರ್ಜನ್ನರ ಶಿಷ್ಯವೇತನ ತಿಂಗಳಿಗೆ 20,000 ರೂಪಾಯಿಯಿಂದ 30,000ಕ್ಕೆ ಏರಿದುದು 2020ರಲ್ಲಿ, ಮಹಾಮಾರಿ ಬಾಗಿಲಿಗೆ ಬಂದ ಮೇಲೆ. ಮತ್ತೆ ಏರಿಸಿರೆಂದು ಕೇಳಲು ನಿವಾಸಿ ವೈದ್ಯರು 2024ರ ಆಗಸ್ಟಿನಲ್ಲಿ ಮುಷ್ಕರ ಹೂಡಬೇಕಾಯಿತು.

ಇಷ್ಟನ್ನು ದಾಟಿ ಬಂದ ತರುಣಿ ಹುಲಿಕುಂಟೆಯಂತಹ ಹೋಬಳಿಗೆ ಬಸ್ಸಿನಿಂದ ಇಳಿಯುತ್ತಾಳೆ. ಅವಳನ್ನು ಅಲ್ಲಿಗೆ ಕರೆತಂದ ಏರ್ಪಾಟಿಗೂ ಒಂದು ಚರಿತ್ರೆಯಿದೆ.

ಹಿಂದಿನ ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಹಿಂದುಳಿದುದೇನಲ್ಲ. 1917ರಲ್ಲಿ ಬೆಂಗಳೂರಿನಲ್ಲಿ ವೈದ್ಯಕೀಯ ಶಾಲೆಯೊಂದು ಆರಂಭವಾಗಿ, ಎಲ್.ಎಂ.ಪಿ. ಎಂಬ ಅರ್ಹತೆಯ ವೈದ್ಯರನ್ನು ಸಿದ್ಧಪಡಿಸತೊಡಗಿತು. 1924ರಲ್ಲಿ ಮೈಸೂರು ವೈದ್ಯಕೀಯ ಕಾಲೇಜು ಬೆಂಗಳೂರಿನಲ್ಲಿಯೇ ಹುಟ್ಟಿ, 1930ರಲ್ಲಿ ಮೈಸೂರಿಗೆ ಹೋಯಿತು. 1930ರ ದಶಕದಲ್ಲಿ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಗ್ರಾಮಾಂತರ ಆರೋಗ್ಯದ ತರಬೇತಿ ಕೇಂದ್ರವೊಂದು ನಡೆಯುತ್ತಿತ್ತು. ಊರ ಡಾಕ್ಟರೆಂದರೆ ಅನೇಕ ಕಡೆಗಳಲ್ಲಿ ಎಲ್.ಎಂ.ಪಿ. ಡಾಕ್ಟರೇ. ಅವರ ಓದು ಕಡಿಮೆ ಅವಧಿಯದು. ಪದವೀಧರರ ಮುಂದೆ ಅವರ ಗೌರವವೂ ಒಂದು ತೂಕ ಕಡಿಮೆ. ಆದರೆ ಸಣ್ಣ ಊರುಗಳಲ್ಲಿ ಮನೆಮಾಡಿ ನಿಂತವರು ಅವರು.

ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಸಮಿತಿ, ಈ ಕಡಿಮೆ ಅವಧಿಯ ಓದನ್ನು ನಿಲ್ಲಿಸಿ, ದೇಶಕ್ಕೆಲ್ಲ ಒಂದೇ ಮಟ್ಟದ ಪದವೀಧರ ವೈದ್ಯರಿರಲೆಂದು ಶಿಫಾರಸು ಮಾಡಿತು. ಹಳ್ಳಿಯವನಿಗೆ ಅರ್ಧ ಡಾಕ್ಟರು, ಪಟ್ಟಣದವನಿಗೆ ಪೂರ್ಣ ಡಾಕ್ಟರು ಎಂಬ ಭೇದ ಬೇಡವೆಂಬುದು ಉದಾತ್ತವಾದ ವಿಚಾರವೇ ಸರಿ. ಸಮಿತಿಯ ಕೆಲವು ಸದಸ್ಯರು, ಹಾಗೆ ಮಾಡಿದರೆ ಹಳ್ಳಿಗಳು ಬರಿದಾದಾವೆಂದು ಭಿನ್ನಮತ ಬರೆದರು. ಬಹುಮತವೇ ಗೆದ್ದಿತು. ಆದರೆ ಅದೇ ಸಮಿತಿ ಹೇಳಿದ ಇನ್ನೊಂದು ಮಾತನ್ನು ಬಹುಬೇಗ ಮರೆಯಲಾಯಿತು. 40,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದರಲ್ಲಿ ಇಬ್ಬರು ವೈದ್ಯರು, ನಾಲ್ವರು ಆರೋಗ್ಯ ದಾದಿಯರು, ನಾಲ್ವರು ಸೂಲಗಿತ್ತಿಯರು ಇರಬೇಕು. ಅದು ತಾತ್ಕಾಲಿಕ ಏರ್ಪಾಟು ಮಾತ್ರ, ಮುಂದೆ ಇನ್ನೂ ದೊಡ್ಡದಾಗಬೇಕು ಎಂದಿತ್ತು ಆ ವರದಿ. ಇಂದಿನ ನಿಯಮದಂತೆ ಬಯಲುಸೀಮೆಯಲ್ಲಿ 30,000 ಜನಕ್ಕೊಂದು ಕೇಂದ್ರ. ಕಡ್ಡಾಯವಾಗಿ ಇರಬೇಕಾದ ಎಂ.ಬಿ.ಬಿ.ಎಸ್. ವೈದ್ಯರು ಒಬ್ಬರು. ಇಬ್ಬರಿರಲೆಂದ ಭೋರ್ ಸಮಿತಿಯ ‘ತಾತ್ಕಾಲಿಕ’ ಏರ್ಪಾಟೇ ಕನಸಾಗಿ ಉಳಿಯಿತು.

ಆ ಒಬ್ಬರೂ ಹಳ್ಳಿಗೆ ಬರಲೊಲ್ಲರೆಂದು ಕರ್ನಾಟಕವು 2012ರಲ್ಲಿ ಕಡ್ಡಾಯ ಸೇವೆಯ ಕಾನೂನನ್ನು ರಚಿಸಿತು. 2015ರಲ್ಲಿ ಜಾರಿಗೆ ಬಂದ ಆ ಕಾನೂನಿನಂತೆ ಎಂ.ಬಿ.ಬಿ.ಎಸ್., ಸ್ನಾತಕೋತ್ತರ, ಅದರಾಚೆಯ ಉನ್ನತ ತಜ್ಞತೆ, ಯಾವುದನ್ನೇ ಮುಗಿಸಿದರೂ ಒಂದು ವರ್ಷ ಸರ್ಕಾರ ತೋರಿಸಿದ ಕಡೆ ದುಡಿಯಬೇಕು. ತಪ್ಪಿದರೆ 15 ಲಕ್ಷದಿಂದ 30 ಲಕ್ಷ ರೂಪಾಯಿಯವರೆಗೆ ದಂಡ. ಹಲವು ರಾಜ್ಯಗಳು ಬರೆಸಿಕೊಳ್ಳುವ ಇಂತಹ ಸೇವಾ ಬಾಂಡುಗಳನ್ನು ಸರ್ವೋಚ್ಚ ನ್ಯಾಯಾಲಯವೂ 2019ರ ಆಗಸ್ಟಿನಲ್ಲಿ ಎತ್ತಿಹಿಡಿಯಿತು. ಸಮಾಜದ ಹಣದಿಂದ ಕಲಿತವನು ಸಮಾಜಕ್ಕೊಂದು ವರ್ಷ ಕೊಡಲೆಂಬ ನ್ಯಾಯವನ್ನು ಅಲ್ಲಗಳೆಯುವವರು ಯಾರೂ ಇಲ್ಲ.

ಆದರೆ ಮುಂದೆ ನಡೆದುದು ವಿಚಿತ್ರ. ವರ್ಷವರ್ಷವೂ ಹೊರಬರುವ ವೈದ್ಯರ ಸಂಖ್ಯೆ ಬೆಳೆಯುತ್ತಾ ಹೋಯಿತು. ಅವರನ್ನು ನಿಲ್ಲಿಸತಕ್ಕ ಹುದ್ದೆಗಳ ಸಂಖ್ಯೆ ಬೆಳೆಯಲಿಲ್ಲ. ಬಾಂಡು ತೀರಿಸಲು ಸಿದ್ಧರಿದ್ದವರು ತಮ್ಮನ್ನು ಎಲ್ಲಿಗಾದರೂ ಕಳುಹಿಸಿರೆಂದು ತಿಂಗಳುಗಟ್ಟಲೆ ಕಾಯುವಂತಾಯಿತು. ಕೊನೆಗೆ 2023ರಲ್ಲಿ ಸರ್ಕಾರವೇ ಕಾನೂನಿಗೆ ತಿದ್ದುಪಡಿ ತಂದು, ಖಾಲಿ ಹುದ್ದೆಗಳಿರುವಷ್ಟು ಮಂದಿಗೆ ಮಾತ್ರ ಈ ಸೇವೆಯೆಂದು ಕಡ್ಡಾಯವನ್ನು ಸಡಿಲಿಸಿತು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ಡಾಕ್ಟರು ಸಿಗುವುದಿಲ್ಲವೆಂದು ಹುಟ್ಟಿದ ಕಾನೂನು, ಡಾಕ್ಟರುಗಳು ಹೆಚ್ಚಾದರೆಂದು ಬಗ್ಗಿತು. ಹನ್ನೊಂದು ವರ್ಷಗಳ ಈ ಅಂತರದಲ್ಲಿ ಹೋಬಳಿಯ ರೋಗಿಯ ಪಾಡು ಎಷ್ಟು ಬದಲಾಯಿತೆಂದು ಕೇಳಿದವರು ಕಡಿಮೆ.

ಒಂದು ವರ್ಷಕ್ಕೆಂದು ಬಂದ ವೈದ್ಯೆಯ ದಿನಚರಿಯನ್ನು ನೋಡಿದರೆ ಆ ಪಾಡು ಅರ್ಥವಾಗುತ್ತದೆ. ಬೆಳಗ್ಗೆ ಹೊರರೋಗಿಗಳ ಸಾಲು. ಮಧ್ಯಾಹ್ನ ಗರ್ಭಿಣಿಯರ ತಪಾಸಣೆ, ಲಸಿಕೆ, ಕ್ಷಯರೋಗದ ಪಟ್ಟಿ, ಆಶಾ ಕಾರ್ಯಕರ್ತೆಯರ ಸಭೆ. ಸಂಜೆ ಜಿಲ್ಲಾ ಕಚೇರಿಗೆ ಕಳುಹಿಸಬೇಕಾದ ವರದಿಗಳು. ಹೊತ್ತು ಮುಳುಗಿದ ಮೇಲೆ ಹೊಲದಿಂದ ಹೊತ್ತು ತಂದ ಹಾವು ಕಡಿತದ ಪ್ರಕರಣ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿಮಾಡತಕ್ಕದ್ದೆಂದು ಕರ್ನಾಟಕ 2024ರ ಫೆಬ್ರವರಿಯಲ್ಲಿ ಆಜ್ಞೆ ಮಾಡಿದೆ; ಒಳ್ಳೆಯ ಆಜ್ಞೆಯೇ. ಪ್ರತಿವಿಷದ ಚುಚ್ಚುಮದ್ದು ಕೊಟ್ಟೊಡನೆ ಕೆಲವರಿಗೆ ಮೈ ಒಗ್ಗದೆ ಉಸಿರು ಕಟ್ಟುವುದುಂಟು. ಆಗ ಪಕ್ಕದಲ್ಲಿ ಹಿರಿಯರಿಲ್ಲದೆ, ಇಪ್ಪತ್ತೈದರ ಹರೆಯದಲ್ಲಿ, ಕೊಡಲೋ ಬೇಡವೋ, ಇಲ್ಲಿಯೇ ಇರಿಸಿಕೊಳ್ಳಲೋ ಶಿರಾಕ್ಕೋ ತುಮಕೂರಿಗೋ ಕಳುಹಿಸಲೋ ಎಂದು ನಿಮಿಷದಲ್ಲಿ ತೀರ್ಮಾನಿಸಬೇಕಾದವಳು ಅವಳೊಬ್ಬಳೇ. 2008ರ ನವೆಂಬರ್ 1ರಂದು ಆರಂಭವಾದ 108ರ ಆಂಬುಲೆನ್ಸು ಈ ಹೊತ್ತಿನಲ್ಲಿ ದೊಡ್ಡ ಆಸರೆ. ಆದರೆ ಆಂಬುಲೆನ್ಸು ದಾರಿಯನ್ನು ಸವೆಸಬಲ್ಲುದೇ ಹೊರತು ತೀರ್ಮಾನವನ್ನು ಮಾಡಲಾರದು.

ತೀರ್ಮಾನ ತಪ್ಪಿದರೆ, ಅಥವಾ ಸರಿಯಾಗಿದ್ದೂ ಪ್ರಾಣ ಹೋದರೆ, ಬಾಗಿಲ ಮುಂದೆ ಜನ ಸೇರುತ್ತಾರೆ. ವೈದ್ಯರ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕದಲ್ಲಿ 2009ರಿಂದ ಕಾನೂನಿದೆ. ರಾತ್ರಿ ಹತ್ತು ಗಂಟೆಗೆ ಒಬ್ಬ ದಾದಿಯೊಡನೆ ಕುಳಿತವಳಿಗೆ ಆ ಕಾನೂನಿನ ಪುಸ್ತಕ ಎಷ್ಟು ಧೈರ್ಯ ಕೊಟ್ಟೀತು? 2024ರ ಆಗಸ್ಟಿನಲ್ಲಿ ಕಲ್ಕತ್ತೆಯ ದೊಡ್ಡ ಆಸ್ಪತ್ರೆಯೊಂದರಲ್ಲಿಯೇ ತರುಣ ವೈದ್ಯೆಯೊಬ್ಬಳ ಕೊಲೆಯಾದ ಮೇಲೆ, ಮಗಳನ್ನು ದೂರದ ಹೋಬಳಿಗೆ ಕಳುಹಿಸಿದ ತಾಯಂದಿರ ನಿದ್ದೆ ಹೇಗಿದ್ದೀತೆಂದು ಬಿಡಿಸಿ ಹೇಳಬೇಕಾಗಿಲ್ಲ. ವಾಸಕ್ಕೆ ಯೋಗ್ಯವಾದ ವಸತಿಗೃಹ, ರಾತ್ರಿಯ ಕಾವಲು, ಕೆಡದ ದೀಪ, ಸಂಶಯ ಬಂದಾಗ ಫೋನು ಎತ್ತುವ ಹಿರಿಯ ವೈದ್ಯ—ಇವು ಅವಳ ಬೇಡಿಕೆಗಳು. ಇವುಗಳಲ್ಲಿ ಭೋಗವೆಂಬುದು ಯಾವುದು?

ಇವೆಲ್ಲದರ ನಡುವೆ ಮೇಜಿನ ಸೆಳೆಖಾನೆಯಲ್ಲಿ ಸ್ನಾತಕೋತ್ತರ ಪರೀಕ್ಷೆಯ ಪುಸ್ತಕ ತೆರೆದೇ ಇರುತ್ತದೆ. ರೋಗಿಗಳ ಸಾಲು ಕರಗಿದಾಗ ಒಂದು ಪುಟ, ದೀಪ ಬಂದಾಗ ಎರಡು ಪುಟ. ಅದೇ ಸಮಯದಲ್ಲಿ ಅವಳ ಸಹಪಾಠಿಗಳಲ್ಲಿ ಅನುಕೂಲವುಳ್ಳವರು ನಗರದ ಕೋಚಿಂಗ್ ಕೊಠಡಿಯಲ್ಲಿ ಕುಳಿತು ದಿನಕ್ಕೆ ಹತ್ತು ಗಂಟೆ ಓದುತ್ತಿರುತ್ತಾರೆ. ಹಳ್ಳಿಯಲ್ಲಿ ಕಳೆದ ವರ್ಷ ಅವಳ ಮುಂದಿನ ದಾರಿಯಲ್ಲಿ ಹಿನ್ನಡೆಯೆಂದೇ ಲೆಕ್ಕವಾದರೆ, ಆ ವರ್ಷವನ್ನು ಅವಳು ಹೇಗಾದರೂ ಕಳೆದು ಮುಗಿಸಲು ನೋಡುವುದು ಸಹಜವೇ ಅಲ್ಲವೆ?

ರೋಗಿಯ ಕಡೆಯಿಂದ ನೋಡಿದರೆ ನಷ್ಟ ಇನ್ನೂ ದೊಡ್ಡದು. ಹೋಬಳಿಯ ಕಾಯಿಲೆಗಳೆಲ್ಲ ಹಾವು ಕಡಿತದಂತೆ ಒಂದು ರಾತ್ರಿಯವಲ್ಲ. ಬೆಂಗಳೂರಿನ ಎಷ್ಟೋ ಮನೆಗಳ ಅಜ್ಜ ಅಜ್ಜಿಯರು ಇಂದಿಗೂ ಶಿರಾ, ಮಧುಗಿರಿಗಳ ಕಡೆಯ ಹಳ್ಳಿಗಳಲ್ಲಿಯೇ ಉಳಿದಿದ್ದಾರೆ. ಅವರ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಡಿನೋವುಗಳು ಒಂದು ಚೀಟಿಯಿಂದ ಗುಣವಾಗತಕ್ಕವಲ್ಲ. ಹೋದ ತಿಂಗಳು ಏನು ಕೊಟ್ಟಿತ್ತು, ಏಕೆ ಬದಲಾಯಿಸಿತು, ಈ ಅಜ್ಜಿ ಮಾತ್ರೆಯನ್ನು ನುಂಗುತ್ತಾಳೋ ಸೆರಗಿನಲ್ಲಿ ಕಟ್ಟಿಟ್ಟುಕೊಳ್ಳುತ್ತಾಳೋ—ಇದನ್ನೆಲ್ಲ ಬಲ್ಲ ಒಬ್ಬ ವೈದ್ಯರು ಬೇಕು. ಅದು ತಿಳಿಯುವ ಹೊತ್ತಿಗೆ ವರ್ಷ ಮುಗಿಯುತ್ತದೆ. ಹೊಸಬರು ಬಂದು ಮತ್ತೆ ಮೊದಲಿನಿಂದ ಕೇಳುತ್ತಾರೆ. ಮೂರನೆಯ ಸಲ ಅಜ್ಜಿ ಆಸ್ಪತ್ರೆಗೇ ಹೋಗುವುದಿಲ್ಲ.

“ಒಂದು ವರ್ಷದವರು ಬೇಡ, ಕಾಯಮ್ಮಾಗಿ ನೇಮಿಸಬಹುದಲ್ಲ?” ಎಂದರೆ, ಅಲ್ಲಿಯೂ ಗಂಟಿದೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಂದಿನಿಂದ ಗುತ್ತಿಗೆಯ ನೇಮಕವೆಂಬುದು ಇಲಾಖೆಯ ರೂಢಿಯಾಯಿತು. ಗುತ್ತಿಗೆಯ ವೈದ್ಯನಿಗೆ ಬಡ್ತಿಯಿಲ್ಲ, ನಾಳೆಯ ಭರವಸೆಯಿಲ್ಲ, ಬ್ಯಾಂಕಿನವರ ಕಣ್ಣಿನಲ್ಲಿ ನೌಕರನೆಂಬ ಬೆಲೆಯೂ ಇಲ್ಲ. 2020ರ ಜುಲೈಯಲ್ಲಿ, ಮಹಾಮಾರಿ ಉಲ್ಬಣಿಸುತ್ತಿದ್ದ ಸಮಯದಲ್ಲಿಯೇ, ಕರ್ನಾಟಕದ ಐನೂರಕ್ಕೂ ಹೆಚ್ಚು ಗುತ್ತಿಗೆ ವೈದ್ಯರು ತಮ್ಮನ್ನು ಕಾಯಂಗೊಳಿಸದಿದ್ದರೆ ಒಟ್ಟಾಗಿ ರಾಜೀನಾಮೆ ಕೊಡುವೆವೆಂದು ಎಚ್ಚರಿಸಿದರು. ಬೀದಿಯಲ್ಲಿ ಅವರಿಗೆ ಚಪ್ಪಾಳೆ ತಟ್ಟಿದ ಕಾಲವದು. ಚಪ್ಪಾಳೆಯಿಂದ ಬಾಡಿಗೆ ಕಟ್ಟಲಾಗುವುದಿಲ್ಲ.

ತಜ್ಞರ ಮಟ್ಟದಲ್ಲಂತೂ ಕೊರತೆ ಕಣ್ಣಿಗೆ ರಾಚುವಂತಿದೆ. ದೇಶದ ಗ್ರಾಮಾಂತರ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಕಾದ ಶಸ್ತ್ರವೈದ್ಯರು, ಪ್ರಸೂತಿ ತಜ್ಞರು, ಮಕ್ಕಳ ತಜ್ಞರು ಮೊದಲಾದವರಲ್ಲಿ ಹತ್ತಕ್ಕೆ ಎಂಟರಷ್ಟು ಮಂದಿ ಇಲ್ಲವೆಂದು ಕೇಂದ್ರ ಸರ್ಕಾರದ ಅಂಕಿಅಂಶಗಳೇ ವರ್ಷವರ್ಷವೂ ಹೇಳುತ್ತಿವೆ. ಹೋಬಳಿಯ ತರುಣ ವೈದ್ಯೆ ರಕ್ತಸ್ರಾವದ ಬಾಣಂತಿಯನ್ನು ಆಂಬುಲೆನ್ಸಿಗೆ ಹತ್ತಿಸುವಾಗ, ಎದುರು ತುದಿಯಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ಎಂಬ ಭಯವೂ ಅವಳೊಡನೆ ಹತ್ತುತ್ತದೆ.

ಹಾಗಾದರೆ ಹಳ್ಳಿಯಲ್ಲಿ ನಿಂತ ವೈದ್ಯರೇ ಇಲ್ಲವೆ? ಇದ್ದಾರೆ. ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ನೆಲೆಸಿ ದುಡಿದ ಕಥೆಯನ್ನು ನಾಡು ಬಲ್ಲದು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅವರು ಕಟ್ಟಿದ ಕರುಣಾ ಟ್ರಸ್ಟು 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರವನ್ನು ವಹಿಸಿಕೊಂಡು ನಡೆಸತೊಡಗಿತು. ಹುಲಿಕುಂಟೆಗೆ ನೆರೆಯ ಸೀಮೆಯಾದ ಪಾವಗಡದಲ್ಲಿ ಶ್ರೀ ರಾಮಕೃಷ್ಣ ಸೇವಾಶ್ರಮದವರು ಕುಷ್ಠ, ಕ್ಷಯ ಮತ್ತು ಕಣ್ಣಿನ ರೋಗಿಗಳಿಗಾಗಿ ದಶಕಗಳಿಂದ ಸೇವೆ ಸಲ್ಲಿಸುತ್ತಿದ್ದಾರೆ. ಇಂತಹವರ ಮುಂದೆ ತಲೆ ಬಾಗದವರಾರು? ಆದರೆ ಆರು ಕೋಟಿಗೂ ಮೀರಿದ ಜನರ ಆರೋಗ್ಯವನ್ನು ಕೆಲವರ ತ್ಯಾಗದ ಮೇಲೆ ನಿಲ್ಲಿಸಲಾಗುವುದಿಲ್ಲ. ಸಂತರಲ್ಲದವರೂ ಹಳ್ಳಿಯಲ್ಲಿ ನೆಮ್ಮದಿಯಿಂದ ಸಂಸಾರ ನಡೆಸುತ್ತಾ ಒಳ್ಳೆಯ ವೈದ್ಯರಾಗಿರಲು ಸಾಧ್ಯವಾಗುವುದೇ ಒಳ್ಳೆಯ ಏರ್ಪಾಟಿನ ಗುರುತು. ಉಪಾಧ್ಯಾಯರಿಗೆ, ಅಂಚೆಯವರಿಗೆ, ಬ್ಯಾಂಕಿನವರಿಗೆ ಅದು ಸಾಧ್ಯವಾಗಿದೆ.

ದಾರಿ ಗೊತ್ತಿಲ್ಲವೆಂದೇನಲ್ಲ. ದೂರದ ಹಳ್ಳಿಗಳಲ್ಲಿ ದುಡಿದ ಸರ್ಕಾರಿ ವೈದ್ಯರಿಗೆ ಸ್ನಾತಕೋತ್ತರ ಪ್ರವೇಶದಲ್ಲಿ ವರ್ಷಕ್ಕೆ ನೂರಕ್ಕೆ ಹತ್ತರಂತೆ, ಮೂವತ್ತರವರೆಗೆ ಅಂಕಗಳ ಉತ್ತೇಜನ ಕೊಡಲು ನಿಯಮವೊಂದು ಅವಕಾಶ ಮಾಡಿಕೊಟ್ಟಿತ್ತು. ಸೇವೆಯಲ್ಲಿರುವವರಿಗೆ ರಾಜ್ಯಗಳು ಪ್ರತ್ಯೇಕ ಸ್ಥಾನಗಳನ್ನು ಮೀಸಲಿಡಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2020ರ ಆಗಸ್ಟ್ 31ರಂದು ತೀರ್ಪಿತ್ತಿದೆ. ಈ ಎಳೆಯನ್ನು ಗಟ್ಟಿಯಾಗಿ ಹಿಡಿದರೆ ಹಳ್ಳಿಯ ವರ್ಷಗಳು ತರುಣರಿಗೆ ಹಿನ್ನಡೆಯಾಗದೆ ಮೇಲಕ್ಕೆ ಹತ್ತುವ ಮೆಟ್ಟಿಲಾದಾವು. ಮೂರು ವರ್ಷ ಹೋಬಳಿಯಲ್ಲಿ ನಿಂತವನಿಗೆ ಓದಿನ ಸ್ಥಾನ ಖಚಿತ, ಓದಿ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞನ ಹುದ್ದೆ ಖಚಿತ ಎಂದಾದರೆ, ದಂಡದ ಬೆದರಿಕೆಯಿಲ್ಲದೆಯೂ ಬರುವವರಿದ್ದಾರೆ. ಜೊತೆಗೆ ಕೇಂದ್ರಕ್ಕೆ ಇಬ್ಬರು ವೈದ್ಯರಿರಬೇಕು. ಒಬ್ಬರಿಗೆ ಜ್ವರ ಬಂದರೂ, ಮನೆಯಲ್ಲಿ ಮದುವೆಯಾದರೂ, ಬಾಗಿಲು ಮುಚ್ಚದಿರಲು ಬೇರೆ ಉಪಾಯವಿಲ್ಲ. ಇದಕ್ಕೆ ಹಣ ಬೇಕೆಂಬುದು ನಿಜ. ಆರೋಗ್ಯಕ್ಕಾಗಿ ಸರ್ಕಾರಗಳು ಮಾಡುವ ವೆಚ್ಚವನ್ನು 2025ರೊಳಗೆ ರಾಷ್ಟ್ರೋತ್ಪನ್ನದ ನೂರಕ್ಕೆ ಎರಡೂವರೆಯಷ್ಟಕ್ಕೆ ಏರಿಸುವೆವೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಮಾತು ಕೊಟ್ಟಿತ್ತು. ಕೊಟ್ಟ ಮಾತನ್ನು ನೆನಪಿಸುವ ಹಕ್ಕು ಮತದಾರರದು.

ಮನೆಯವರ ಪಾಲಿನ ಕೆಲಸವೂ ಸ್ವಲ್ಪವಿದೆ. ಮಗುವನ್ನು ವೈದ್ಯಕೀಯಕ್ಕೆ ಸೇರಿಸುವ ಮುನ್ನ ಶುಲ್ಕದ ಜೊತೆಗೆ ವರ್ಷಗಳನ್ನೂ ಎಣಿಸಬೇಕು. ಮೂವತ್ತರವರೆಗೆ ಸಂಪಾದನೆಯ ಮಾತೆತ್ತದೆ ಜೊತೆಗೆ ನಿಲ್ಲುವ ಶಕ್ತಿ ಮನೆಗಿದೆಯೇ ಎಂದು ಕೇಳಿಕೊಳ್ಳಬೇಕು. ನೆಂಟರ ಮನೆಯ ಹುಡುಗ ಅಮೆರಿಕದಲ್ಲಿ ಹೃದಯತಜ್ಞನಾದ ಕಥೆಯನ್ನು ಊಟದ ಹೊತ್ತಿನಲ್ಲಿ ಹೇಳುವವರು, ಶಿರಾದ ಕಡೆಯ ಹೋಬಳಿಯಲ್ಲಿ ರಾತ್ರಿ ಎರಡಕ್ಕೆ ಎದ್ದು ಹೆರಿಗೆ ಮಾಡಿಸಿದ ಹುಡುಗಿಯ ಕಥೆಯನ್ನೂ ಅಷ್ಟೇ ಹೆಮ್ಮೆಯಿಂದ ಹೇಳುವುದನ್ನು ಕಲಿಯಬೇಕು. ಹಳ್ಳಿಯ ಸರ್ಕಾರಿ ಡಾಕ್ಟರೆಂದೊಡನೆ ಸಂಬಂಧದ ಮಾತನ್ನು ಹಿಂದೆಗೆಯುವ ಬೀಗರು ಇರುವವರೆಗೆ, ಕಾನೂನುಗಳಿಂದ ಆಗತಕ್ಕದ್ದು ಅಲ್ಪವೇ.

ಹೊಸ ಕಾಲೇಜುಗಳಿಗೆ ಶಂಕುಸ್ಥಾಪನೆ ಮಾಡುವವರು ಸ್ಥಾನಗಳ ಲೆಕ್ಕವನ್ನು ಅಭಿಮಾನದಿಂದ ಹೇಳುತ್ತಾರೆ. ಅದರೊಡನೆ ಇನ್ನೊಂದು ಸಣ್ಣ ಲೆಕ್ಕವನ್ನು ಕೇಳುವ ಅಭ್ಯಾಸ ಜನರಿಗೆ ಬರಬೇಕಾಗಿದೆ: ಹುಲಿಕುಂಟೆಯಂತಹ ಹೋಬಳಿಗಳಲ್ಲಿ ಎರಡನೆಯ ವರ್ಷವೂ ಉಳಿದ ಡಾಕ್ಟರು ಎಷ್ಟು ಮಂದಿ? ಆ ಅಂಕಿ ಏರುವ ದಿನ, ಸೆರಗಿನ ತುದಿಯಲ್ಲಿ ಕಟ್ಟಿಟ್ಟ ಮಾತ್ರೆಯನ್ನು ಅಜ್ಜಿ ಬಿಚ್ಚಿ ನುಂಗಿಯಾಳು. ಕೊಟ್ಟವರ ಹೆಸರನ್ನೂ ನೆನಪಿಟ್ಟುಕೊಂಡಾಳು.